ನೆರೆ ಇಳಿದ ಮೇಲೆ: ಗ್ರಾಮಗಳ ಪುನರ್ನಿರ್ಮಾಣದಲ್ಲಿ ವಿದ್ಯಾರ್ಥಿಗಳ ಕರ್ತವ್ಯ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟವರು ಪೀರನವಾಡಿಯನ್ನು ದಾಟಿದ ಸ್ವಲ್ಪ ಹೊತ್ತಿನಲ್ಲಿ ಮಚ್ಛೆಯನ್ನು ಸೇರುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವಾದ ಜ್ಞಾನಸಂಗಮವಿರುವುದು ಇಲ್ಲಿಯೇ. ಇಲ್ಲಿಂದ ಪಶ್ಚಿಮಕ್ಕೆ ಹೋದಂತೆಲ್ಲ ಸಹ್ಯಾದ್ರಿಯು ಸಮೀಪಿಸುತ್ತದೆ, ಮಳೆಯೂ ಹೆಚ್ಚುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರ, ಎಂ. ಕೆ. ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅದೇ ಮಲೆಯ ನೀರನ್ನು ಹೊತ್ತ ಮಾರ್ಕಂಡೇಯ ನದಿಯು ಬೆಳಗಾವಿಯ ಬಳಿ ಹರಿದು ಗೋಕಾಕದ ಹತ್ತಿರ ಘಟಪ್ರಭೆಯನ್ನು ಸೇರುತ್ತದೆ. ಆದುದರಿಂದ ಮಚ್ಛೆಯ ತರಗತಿಯಲ್ಲಿ ಕುಳಿತು ಶ್ರಾವಣದ ಮಳೆಯನ್ನು ಕಿಟಕಿಯಿಂದ ನೋಡುವ ವಿದ್ಯಾರ್ಥಿಗೂ, ರಾಮದುರ್ಗದಲ್ಲಿ ತನ್ನ ಮನೆಯೊಳಗೆ ನದಿಯ ನೀರು ನುಗ್ಗುವುದನ್ನು ಕಾಣುವ ನೇಕಾರನಿಗೂ ಪರಸ್ಪರ ಪರಿಚಯವಿಲ್ಲದಿದ್ದರೂ ಸಂಬಂಧವೊಂದು ಇದ್ದೇ ಇದೆ.

೨೦೧೯ರ ಆಗಸ್ಟ್ ತಿಂಗಳಿನಲ್ಲಿ ಈ ಸಂಬಂಧವು ಕಠೋರವಾದ ರೀತಿಯಲ್ಲಿ ಪ್ರತ್ಯಕ್ಷವಾಯಿತು. ಘಟ್ಟದ ಮಳೆಯಿಂದ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಭಾಗಗಳ ಅನೇಕ ಊರುಗಳನ್ನು ಮುಳುಗಿಸಿದವು. ಗೋಕಾಕ ಪಟ್ಟಣದೊಳಕ್ಕೆ ಘಟಪ್ರಭೆ ಮಾರ್ಕಂಡೇಯಗಳ ನೀರು ಹೊಕ್ಕಿತು. ನವಿಲುತೀರ್ಥದ ಜಲಾಶಯದಿಂದ ನೀರನ್ನು ಹೊರಬಿಡಬೇಕಾಗಿ ಬಂದಾಗ ಮುನವಳ್ಳಿ ರಾಮದುರ್ಗಗಳ ಜನ ಮನೆಗಳನ್ನು ತೊರೆಯಬೇಕಾಯಿತು. ಬೆಳಗಾವಿ ನಗರದ ಅಂಚಿನಲ್ಲಿ ಬಳ್ಳಾರಿ ನಾಲೆಯು ಭತ್ತದ ಗದ್ದೆಗಳ ಮೇಲೆ ಹರಿಯಿತು. ಜನರು ಚೇತರಿಸಿಕೊಳ್ಳುವ ಮೊದಲೇ ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೊಮ್ಮೆ ಪ್ರವಾಹ ಬಂದಿತು. ಇದಕ್ಕೆ ಹತ್ತು ವರ್ಷಗಳ ಹಿಂದೆ, ೨೦೦೯ರ ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಮೊದಲ ದಿನಗಳಲ್ಲಿಯೂ ಉತ್ತರ ಕರ್ನಾಟಕವು ಇಂತಹುದೇ ವಿಪತ್ತನ್ನು ಕಂಡಿತ್ತು. ಹೀಗಿರಲು ಇದು ಎಂದೋ ಒಮ್ಮೆ ಒದಗುವ ಆಕಸ್ಮಿಕವೆಂದು ಕಾಲೇಜುಗಳು ಸುಮ್ಮನಿರುವಂತಿಲ್ಲ.

ಇಂತಹ ಸಂದರ್ಭದಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಸೇವೆ ಯಾವುದು, ಅದರಲ್ಲಿ ಯಾವುದು ಹೆಚ್ಚು ಪ್ರಯೋಜನಕಾರಿ ಎಂಬುದನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನೆರೆ ಬಂದ ವಾರದಲ್ಲಿ ಎಲ್ಲರೂ ಬರುತ್ತಾರೆ. ನೆರೆ ಇಳಿದ ಮೂರನೆಯ ವಾರದಿಂದ ಮುಂದಿನ ಮಳೆಗಾಲದವರೆಗೆ ಬರುವವರು ವಿರಳ. ಆ ವಿರಳವಾದ ಕಾಲದಲ್ಲಿ ಅಳೆಯಲು, ಬರೆಯಲು, ಲೆಕ್ಕವಿಡಲು ಬಲ್ಲ ವಿದ್ಯಾರ್ಥಿಯಿಂದ ಆಗುವ ಉಪಕಾರವು ಮೊದಲ ವಾರದ ಉಪಕಾರಕ್ಕಿಂತ ದೊಡ್ಡದು.

ಸೇವಾಯೋಜನೆಯ ಹಿನ್ನೆಲೆ

ವಿದ್ಯಾರ್ಥಿಗಳ ಸಮಾಜಸೇವೆಯನ್ನು ವಿಶ್ವವಿದ್ಯಾಲಯಗಳ ಅಂಗವನ್ನಾಗಿ ಮಾಡಬೇಕೆಂಬ ವಿಚಾರವು ಸ್ವಾತಂತ್ರ್ಯ ಬಂದ ಹೊಸತರಿಂದಲೂ ಚರ್ಚೆಯಲ್ಲಿತ್ತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ೧೯೬೯ರ ಸೆಪ್ಟೆಂಬರ್ ೨೪ರಂದು, ರಾಷ್ಟ್ರೀಯ ಸೇವಾ ಯೋಜನೆಯು ೩೭ ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು. ೧೯೭೩ರಲ್ಲಿ ಬರಗಾಲದ ವಿರುದ್ಧ ಯುವಜನರೆಂಬ ಧ್ಯೇಯದಿಂದ ವಿಶೇಷ ಶಿಬಿರಗಳು ನಡೆದವು. ವಿಪತ್ತಿಗೆ ಒಳಗಾದ ಜನರ ನಡುವೆ ಕೆಲಸ ಮಾಡುವುದು ಈ ಯೋಜನೆಗೆ ಹೊಸದಲ್ಲವೆಂಬುದಕ್ಕೆ ಇದು ಸಾಕ್ಷಿ.

ಯೋಜನೆಯ ನಿಯಮದಂತೆ ಒಬ್ಬ ಸ್ವಯಂಸೇವಕನು ವರ್ಷಕ್ಕೆ ೧೨೦ ಗಂಟೆಗಳಂತೆ ಎರಡು ವರ್ಷಗಳಲ್ಲಿ ೨೪೦ ಗಂಟೆಗಳ ಸೇವೆಯನ್ನು ಪೂರೈಸಬೇಕು. ಏಳು ದಿನಗಳ ವಿಶೇಷ ಶಿಬಿರವೊಂದರಲ್ಲಿ ಭಾಗವಹಿಸಬೇಕು. ಒಂದು ಘಟಕದಲ್ಲಿ ಸಾಮಾನ್ಯವಾಗಿ ೧೦೦ ವಿದ್ಯಾರ್ಥಿಗಳಿರುತ್ತಾರೆ. ಅಂದರೆ ಒಂದು ಘಟಕದ ಕೈಯಲ್ಲಿ ಒಂದು ವರ್ಷಕ್ಕೆ ೧೨,೦೦೦ ಗಂಟೆಗಳ ಶ್ರಮವಿದೆ. ಈ ಸಂಖ್ಯೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದಕ್ಕೆ ಮರಳಿ ಬರುತ್ತೇವೆ.

ಮೊದಲ ವಾರದ ಸೇವೆ ಮತ್ತು ಅದರ ಮಿತಿ

ನೆರೆಯ ಸುದ್ದಿ ಹಬ್ಬಿದೊಡನೆ ಜನರ ಔದಾರ್ಯವು ಎಚ್ಚರಗೊಳ್ಳುತ್ತದೆ. ೨೦೧೯ರಲ್ಲಿ ನಮ್ಮ ನಾಡಿನ ಊರೂರುಗಳಿಂದ ಕಟಕ ರೊಟ್ಟಿ, ಚಟ್ನಿಪುಡಿ, ಹೊದಿಕೆ, ಔಷಧಗಳು ಪರಿಹಾರ ಕೇಂದ್ರಗಳಿಗೆ ಬಂದವು. ಇದು ಅಭಿಮಾನಪಡಬೇಕಾದ ಸಂಗತಿಯೇ ಸರಿ. ಆದರೆ ಒಂದೇ ಕೇಂದ್ರಕ್ಕೆ ಹತ್ತು ವಾಹನಗಳು ಬಂದು, ಅಡ್ಡದಾರಿಯ ಊರಿಗೆ ಒಂದೂ ಹೋಗದಿರುವುದುಂಟು. ಉಡಲು ಬಾರದ ಹಳೆಯ ಬಟ್ಟೆಗಳು ಶಾಲೆಯ ಜಗುಲಿಯಲ್ಲಿ ರಾಶಿಬಿದ್ದು ಕೊಳೆಯುವುದುಂಟು. ಈ ಹಂತದಲ್ಲಿ ವಿದ್ಯಾರ್ಥಿಗಳು ಬಂದ ವಸ್ತುಗಳನ್ನು ವಿಂಗಡಿಸಿ, ಯಾವ ಊರಿಗೆ ಏನು ತಲುಪಿತು, ಏನು ತಲುಪಲಿಲ್ಲ ಎಂಬ ಪಟ್ಟಿಯನ್ನು ದಿನವೂ ಬರೆದಿಟ್ಟರೆ ಅದೇ ದೊಡ್ಡ ಸಹಾಯ. ಈಜು ಬಲ್ಲೆನೆಂಬ ಧೈರ್ಯದಿಂದ ಹರಿಯುವ ನೀರಿಗೆ ಇಳಿಯುವುದು ಸೇವೆಯಲ್ಲ. ಅದು ತರಬೇತಿ ಪಡೆದ ರಕ್ಷಣಾ ದಳದವರ ಕೆಲಸ.

ನೀರು ಇಳಿದ ಮೇಲೆ ಮನೆಗಳೊಳಗಿನ ಕೆಸರನ್ನು ಹೊರಹಾಕುವ ಕಾರ್ಯವಿದೆ. ಇದರಲ್ಲಿ ಯುವಕರ ತೋಳ್ಬಲಕ್ಕೆ ಸಮನಾದುದಿಲ್ಲ. ಆದರೆ ಕೆಸರಿನಲ್ಲಿ ಹಾವು ಚೇಳುಗಳಿರಬಹುದು, ಒಡೆದ ಗಾಜಿರಬಹುದು, ಇಲಿಜ್ವರದ ರೋಗಾಣುಗಳಿರಬಹುದು. ಆದುದರಿಂದ ಮೊಳಕಾಲಿನವರೆಗಿನ ರಬ್ಬರ್ ಬೂಟು ಮತ್ತು ಕೈಗವಸುಗಳಿಲ್ಲದೆ, ಮನೆಯ ವಿದ್ಯುತ್ತನ್ನು ಕಡಿದಿರುವುದನ್ನು ಖಚಿತಪಡಿಸಿಕೊಳ್ಳದೆ ಯಾರನ್ನೂ ಒಳಗೆ ಬಿಡಕೂಡದು. ೨೦೧೮ರ ಪ್ರವಾಹದ ನಂತರ ಕೇರಳದಲ್ಲಿ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ನೆನೆದ ಮನೆಗಳ ವಿದ್ಯುತ್ ತಂತಿಗಳನ್ನು ಪರೀಕ್ಷಿಸಿ, ಕೆಟ್ಟ ಉಪಕರಣಗಳನ್ನು ದುರಸ್ತಿಮಾಡಿ ಕೊಟ್ಟರು. ತಾವು ಕಲಿತ ವಿದ್ಯೆಯನ್ನೇ ಸೇವೆಯನ್ನಾಗಿ ಮಾಡಿದುದಕ್ಕೆ ಇದು ಒಳ್ಳೆಯ ನಿದರ್ಶನ.

ಮಣ್ಣಿನ ಗೋಡೆಯ ಸ್ವಭಾವ

ಇನ್ನು ನಾವು ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರೋಣ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮಣ್ಣಿನ ಗೋಡೆಯ ಮನೆಗಳು, ಮಣ್ಣಿನ ಗಾರೆಯಲ್ಲಿ ಕಲ್ಲು ಕಟ್ಟಿದ ಮನೆಗಳು ಬಹಳ. ಖಾನಾಪುರದ ಮಲೆನಾಡಿನ ಕಡೆ ಇವುಗಳ ಮೇಲೆ ಹೆಂಚಿನ ಮಾಡು. ಬಯಲುಸೀಮೆಯ ಕಡೆ ಮರದ ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಭಾರವಾದ ಮಾಳಿಗೆ. ಒಣಗಿರುವಾಗ ಮಣ್ಣಿನ ಗೋಡೆಯು ತಲೆಮಾರುಗಳ ಕಾಲ ನಿಲ್ಲಬಲ್ಲುದು. ನೀರಿನಲ್ಲಿ ನಿಂತಾಗ ಅದರ ಬುಡವು ನೆನೆದು ಮೆತ್ತಗಾಗುತ್ತದೆ. ಕಣಗಳನ್ನು ಹಿಡಿದಿಟ್ಟ ಬಂಧ ಸಡಿಲವಾಗುತ್ತದೆ. ಆದರೆ ಮೇಲಿನ ಮಾಳಿಗೆಯ ಭಾರ ಮೊದಲಿನಷ್ಟೇ ಇರುತ್ತದೆ.

ಕೆಲವು ಗೋಡೆಗಳು ನೀರಿರುವಾಗಲೇ ಬೀಳುತ್ತವೆ. ಮತ್ತೆ ಕೆಲವು ನೀರು ಇಳಿದ ದಿನ ನೆಟ್ಟಗೆ ನಿಂತಿರುತ್ತವೆ. ಬಿಸಿಲು ಬಿದ್ದಾಗ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಭಾಗ ಹಸಿಯಾಗಿಯೇ ಉಳಿಯುತ್ತದೆ; ಈ ಅಸಮಾನತೆಯಿಂದ ಬಿರುಕುಗಳು ಹುಟ್ಟುತ್ತವೆ. ತಳಪಾಯದ ಕೆಳಗೆ ಎರೆಮಣ್ಣಿದ್ದರೆ ಅದು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಗೋಡೆಯನ್ನು ಇನ್ನಷ್ಟು ಅಲುಗಿಸುತ್ತದೆ. ಹೀಗಾಗಿ ನೆರೆಯ ದಿನ ಬೀಳದ ಗೋಡೆ ಎರಡು ಮೂರು ವಾರಗಳ ಮೇಲೆ, ಮನೆಮಂದಿ ಮರಳಿ ಬಂದು ಮಲಗಿದ ರಾತ್ರಿಯಲ್ಲಿ ಬೀಳುವುದುಂಟು. ಜೀವಹಾನಿಯ ಅಪಾಯವಿರುವುದು ಇಲ್ಲಿಯೇ. ಆದುದರಿಂದ ಮನೆಯನ್ನು ಒಮ್ಮೆ ನೋಡಿ ಬಂದರೆ ಸಾಲದು. ನೀರು ಇಳಿದ ವಾರದಲ್ಲಿ ಒಮ್ಮೆ, ಮೂರು ವಾರಗಳ ಮೇಲೆ ಮತ್ತೊಮ್ಮೆ ನೋಡಬೇಕು.

ಈ ಪರೀಕ್ಷೆಗೆ ದುಬಾರಿಯಾದ ಉಪಕರಣಗಳು ಬೇಕಿಲ್ಲ. ಗೋಡೆಯ ಮೇಲೆ ನೀರು ನಿಂತ ಗುರುತಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಬೇಕು. ಗೌಂಡಿಗಳು ಬಳಸುವ ತೂಗುಗುಂಡನ್ನು ಇಳಿಬಿಟ್ಟು ಗೋಡೆ ಎಷ್ಟು ವಾಲಿದೆಯೆಂದು ನೋಡಬೇಕು. ಪ್ರತಿಯೊಂದು ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನ ಗೆರೆ ಎಳೆದು ದಿನಾಂಕವನ್ನು ಬರೆದರೆ, ಎರಡನೆಯ ಭೇಟಿಯಲ್ಲಿ ಬಿರುಕು ಬೆಳೆದಿದೆಯೆ ಇಲ್ಲವೆ ಎಂಬುದು ಸಂಶಯವಿಲ್ಲದೆ ತಿಳಿಯುತ್ತದೆ. ಊರಿನ ಅನುಭವಿ ಗೌಂಡಿಯೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುವುದು ಉಚಿತ. ಮಣ್ಣಿನ ವಿಷಯದಲ್ಲಿ ಅವನಿಗೆ ತಿಳಿದಷ್ಟು ನಮ್ಮ ಪಠ್ಯಪುಸ್ತಕಗಳಲ್ಲಿ ಬರೆದಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಒಂದು ಅಕ್ಷರದ ಬೆಲೆ

೨೦೧೯ರ ನೆರೆಯ ನಂತರ ರಾಜ್ಯ ಸರಕಾರವು ಸಂತ್ರಸ್ತ ಕುಟುಂಬಗಳಿಗೆ ತಕ್ಷಣದ ನೆರವಾಗಿ ೧೦,೦೦೦ ರೂಪಾಯಿಗಳನ್ನೂ, ಮನೆ ಪೂರ್ಣವಾಗಿ ಬಿದ್ದವರಿಗೆ ಪುನರ್ನಿರ್ಮಾಣಕ್ಕಾಗಿ ೫ ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ಹಾನಿಗೊಂಡ ಮನೆಗಳನ್ನು ಮೂರು ವರ್ಗಗಳಾಗಿ ವಿಭಜಿಸಲಾಯಿತು: ಶೇಕಡಾ ೭೫ಕ್ಕಿಂತ ಹೆಚ್ಚು ಹಾನಿಯಾದುದು ‘ಎ’, ೨೫ರಿಂದ ೭೫ರವರೆಗಿನದು ‘ಬಿ’, ೧೫ರಿಂದ ೨೫ರವರೆಗಿನದು ‘ಸಿ’. ಹಣವು ಕಟ್ಟಡದ ಪ್ರಗತಿಗೆ ಅನುಸಾರವಾಗಿ ಕಂತುಗಳಲ್ಲಿ ಬರುತ್ತಿತ್ತು. ವರ್ಗವನ್ನು ನಿರ್ಣಯಿಸುವ ಅಧಿಕಾರವು ಸರಕಾರದ ಸಮೀಕ್ಷಾ ತಂಡದ್ದು, ಅದು ವಿದ್ಯಾರ್ಥಿಗಳದ್ದಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಬೇಕು.

ಹಾಗಾದರೆ ವಿದ್ಯಾರ್ಥಿಯ ದಾಖಲೆಯಿಂದ ಏನು ಪ್ರಯೋಜನ? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನೀರು ಇಳಿದ ಐದನೆಯ ದಿನ ಸಮೀಕ್ಷೆಯ ತಂಡ ಬಂದಾಗ ಒಬ್ಬ ವೃದ್ಧೆಯ ಮನೆಯ ಹಿಂಬದಿಯ ಗೋಡೆ ಮಾತ್ರ ಬಿದ್ದಿದೆ. ಮನೆಯು ‘ಸಿ’ ವರ್ಗಕ್ಕೆ ಸೇರುತ್ತದೆ. ಇಪ್ಪತ್ತನೆಯ ದಿನ ಉಳಿದ ಗೋಡೆಗಳೂ ಮಾಳಿಗೆಯೂ ಕುಸಿಯುತ್ತವೆ. ಆಕೆ ತಾಲ್ಲೂಕು ಕಚೇರಿಗೆ ಹೋಗಿ, ನನ್ನ ಮನೆ ಪೂರ್ತಿ ಬಿದ್ದಿದೆ ಎಂದರೆ, ಅದು ನೆರೆಯಿಂದಲೇ ಬಿದ್ದುದೆಂಬುದಕ್ಕೆ ಆಧಾರವೇನೆಂದು ಕೇಳುವುದು ಸಹಜ. ಆ ಸಮಯದಲ್ಲಿ ಮೊದಲ ಭೇಟಿಯ ನೀರಿನ ಗುರುತಿನ ಎತ್ತರ, ಬಿರುಕುಗಳ ಉದ್ದ, ದಿನಾಂಕ, ಛಾಯಾಚಿತ್ರ, ಎರಡನೆಯ ಭೇಟಿಯ ಅಳತೆ ಇವೆಲ್ಲವೂ ಒಂದು ಹಾಳೆಯಲ್ಲಿದ್ದರೆ ಆಕೆಯ ಮನವಿಗೆ ಬಲ ಬರುತ್ತದೆ. ಇಲ್ಲದಿದ್ದರೆ ಆಕೆಯ ಮಾತಿನ ಹೊರತು ಬೇರೆ ಸಾಕ್ಷಿಯಿಲ್ಲ. ಒಂದು ಅಕ್ಷರದ ವ್ಯತ್ಯಾಸದಿಂದ ಒಂದು ಕುಟುಂಬ ಮನೆ ಕಟ್ಟಿಕೊಳ್ಳಬಲ್ಲುದು ಅಥವಾ ಸಾಲಕ್ಕೆ ಬೀಳಬಲ್ಲುದು.

ದಾಖಲೆಯೆಂದರೆ ಗೋಡೆಯದ್ದು ಮಾತ್ರವಲ್ಲ. ಮನೆಯ ಉತಾರವು ಎಂದೋ ತೀರಿಕೊಂಡ ಅಜ್ಜನ ಹೆಸರಿನಲ್ಲಿರಬಹುದು. ಒಂದೇ ಮಾಡಿನ ಕೆಳಗೆ ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿರಬಹುದು. ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕಗಳು ನೀರುಪಾಲಾಗಿರಬಹುದು. ನೇಕಾರನ ಮನೆಯಲ್ಲಿ ಗೋಡೆ ಉಳಿದು ಮಗ್ಗ ಹಾಳಾಗಿದ್ದರೆ, ಮನೆಯ ಹಾನಿಯನ್ನಷ್ಟೇ ಕೇಳುವ ಪತ್ರದಲ್ಲಿ ಅವನ ನಷ್ಟವು ಕಾಣಿಸುವುದೇ ಇಲ್ಲ. ಯಾವ ಮನೆಯವರಿಗೆ ಯಾವ ಕಾಗದ ಬೇಕು, ಯಾವ ಕಚೇರಿಗೆ ಅರ್ಜಿ ಹೋಗಬೇಕು ಎಂಬುದನ್ನು ಗುರುತಿಸಿ, ಅರ್ಜಿ ಬರೆದುಕೊಟ್ಟು, ಅದರ ಸ್ವೀಕೃತಿಯನ್ನು ಅವರ ಕೈಗೆ ಮುಟ್ಟಿಸುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬಾರದು.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಬೆಳಗಾವಿ ಖಾನಾಪುರಗಳ ಹಳ್ಳಿಗಳಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತುಗಳು. ಅರ್ಜಿಯು ಕನ್ನಡದಲ್ಲಿರುತ್ತದೆ, ಅರ್ಜಿದಾರಳು ತನ್ನ ಕಷ್ಟವನ್ನು ಮರಾಠಿಯಲ್ಲಿ ಹೇಳಬಹುದು. ಇಬ್ಬಿಬ್ಬರ ಜೋಡಿಗಳನ್ನು ಮಾಡುವಾಗ ಒಬ್ಬರಾದರೂ ಎರಡೂ ಭಾಷೆ ಬಲ್ಲವರಿರುವಂತೆ, ಮತ್ತು ಹೆಣ್ಣುಮಕ್ಕಳು ಮುಜುಗರವಿಲ್ಲದೆ ಮಾತನಾಡಲು ಪ್ರತಿ ತಂಡದಲ್ಲಿಯೂ ವಿದ್ಯಾರ್ಥಿನಿಯರಿರುವಂತೆ ಅಧ್ಯಾಪಕರು ನೋಡಿಕೊಳ್ಳಬೇಕು.

ಬಾವಿಯ ನೀರು

ನೆರೆನೀರು ಹೊಕ್ಕ ಬಾವಿಯನ್ನು ಶುದ್ಧಿಗೊಳಿಸುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಯೋಗ್ಯವಾದ ಮತ್ತೊಂದು ಕೆಲಸ. ಮೊದಲು ಕೆಟ್ಟ ನೀರನ್ನೂ ಹೂಳನ್ನೂ ಹೊರತೆಗೆಯಬೇಕು. ಅನಂತರ ತುಂಬಿದ ನೀರಿನ ಪ್ರಮಾಣವನ್ನು ಲೆಕ್ಕಹಾಕಬೇಕು. ವ್ಯಾಸ ೩ ಮೀಟರ್, ನೀರಿನ ಆಳ ೪ ಮೀಟರ್ ಇರುವ ದುಂಡನೆಯ ಬಾವಿಯಲ್ಲಿ ಸುಮಾರು ೨೮,೦೦೦ ಲೀಟರ್ ನೀರಿರುತ್ತದೆ. ಸಾಮಾನ್ಯ ಕಾಲದಲ್ಲಿ ೧,೦೦೦ ಲೀಟರಿಗೆ ಸುಮಾರು ೨.೫ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕಾಗುವುದರಿಂದ ಈ ಬಾವಿಗೆ ೭೦ ಗ್ರಾಂ ಸಾಕು. ನೆರೆಯ ನಂತರದ ನೀರಿನಲ್ಲಿ ಕಶ್ಮಲ ಹೆಚ್ಚಾಗಿರುವುದರಿಂದ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಎಷ್ಟೆಂಬುದನ್ನು ಆರೋಗ್ಯ ಇಲಾಖೆಯವರೊಡನೆ ನೀರನ್ನು ಪರೀಕ್ಷಿಸಿಯೇ ನಿರ್ಧರಿಸಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣವು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಸುರಿದು, ನೀರನ್ನು ಚೆನ್ನಾಗಿ ಕಲಕಿ, ಒಂದು ಗಂಟೆ ಕಾಯ್ದು, ಉಳಿದಿರುವ ಕ್ಲೋರಿನ್ನನ್ನು ಅಳೆಯಬೇಕು. ಇಷ್ಟನ್ನೂ ಊರವರ ಎದುರಿಗೇ ಮಾಡಿ ತೋರಿಸಿದರೆ ಮುಂದಿನ ಸಲ ಅವರಿಗೆ ನಮ್ಮ ಅಗತ್ಯವಿರುವುದಿಲ್ಲ.

ಅನುಕಂಪ ಮತ್ತು ಸತ್ಯ

ಈ ಕಾರ್ಯದಲ್ಲಿ ಎದುರಾಗುವ ನೈತಿಕ ಸಂಕಟವೊಂದನ್ನು ಹೇಳದೆ ಬಿಡುವುದು ಪ್ರಾಮಾಣಿಕತೆಯಲ್ಲ. ಮಕ್ಕಳನ್ನು ಕಟ್ಟಿಕೊಂಡು ಬಯಲಿನಲ್ಲಿ ಕುಳಿತವರನ್ನು ಕಂಡಾಗ ಇಪ್ಪತ್ತು ವರ್ಷದ ಹುಡುಗನ ಮನಸ್ಸು ಕರಗುತ್ತದೆ. ಮೂರಡಿಯ ಬಿರುಕನ್ನು ಆರಡಿಯೆಂದು ಬರೆಯೋಣವೆನ್ನಿಸುತ್ತದೆ. ಈ ಭಾವನೆಯನ್ನು ನಾವು ಹೀಗಳೆಯುವುದಿಲ್ಲ. ಆದರೆ ಒಂದು ಸುಳ್ಳು ಅಳತೆ ಬಯಲಾದರೆ ಆ ಪುಸ್ತಕದ ಉಳಿದ ಎಲ್ಲ ಅಳತೆಗಳೂ ಸಂಶಯಕ್ಕೆ ಗುರಿಯಾಗುತ್ತವೆ; ಒಬ್ಬರ ಮೇಲಿನ ಕರುಣೆಯಿಂದ ನೂರು ಜನರಿಗೆ ಅನ್ಯಾಯವಾಗುತ್ತದೆ. ಪ್ರಯೋಗಶಾಲೆಯಲ್ಲಿ ಸುಳ್ಳು ಅಂಕೆ ಬರೆದ ವಿದ್ಯಾರ್ಥಿಗೆ ಕೆಲವು ಅಂಕಗಳು ನಷ್ಟವಾಗಬಹುದು. ಇಲ್ಲಿ ನಷ್ಟವಾಗುವುದು ಬೇರೆಯವರಿಗೆ.

ಹಾಗೆಯೇ ಒಂದೇ ಪ್ರಶ್ನೆಯನ್ನು ಹತ್ತು ತಂಡಗಳು ಬಂದು ಕೇಳಿ, ಅವರ ದುಃಖವನ್ನು ಹತ್ತು ಸಲ ಕೆದಕುವುದು ಸಲ್ಲದು. ಕೊಡಲಾಗದ ಆಶ್ವಾಸನೆಯನ್ನು ಕೊಡಬಾರದು. ಅವರ ಒಪ್ಪಿಗೆಯಿಲ್ಲದೆ ಛಾಯಾಚಿತ್ರವನ್ನು ತೆಗೆಯಬಾರದು. ತೆಗೆದುದನ್ನು ದಾಖಲೆಗಲ್ಲದೆ ಅನ್ಯ ಕಾರ್ಯಕ್ಕೆ ಬಳಸಬಾರದು.

ಕಾಲದ ಲೆಕ್ಕ

ಇಷ್ಟೆಲ್ಲ ಮಾಡಲು ವಿದ್ಯಾರ್ಥಿಗಳಿಗೆ ಸಮಯವೆಲ್ಲಿದೆ ಎಂದು ಅಧ್ಯಾಪಕರು ಕೇಳಬಹುದು. ಮೇಲೆ ಹೇಳಿದ ೧೨,೦೦೦ ಗಂಟೆಗಳಿಗೆ ಈಗ ಮರಳೋಣ. ೫೦೦ ಮನೆಗಳ ಒಂದು ಊರು. ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಮನೆಗೆ ಒಂದು ಗಂಟೆಯೆಂದು ಹಿಡಿದರೆ ಒಂದು ಸುತ್ತಿಗೆ ೧,೦೦೦ ಗಂಟೆಗಳು ಬೇಕು. ನೀರು ಇಳಿದ ವಾರ, ಮೂರು ವಾರಗಳ ಮೇಲೆ, ಮತ್ತು ಬೇಸಗೆಯಲ್ಲಿ ಮನೆ ಕಟ್ಟುವ ಕೆಲಸ ಎಲ್ಲಿಗೆ ಬಂದಿದೆಯೆಂದು ನೋಡಲು, ಹೀಗೆ ಮೂರು ಸುತ್ತಿಗೆ ೩,೦೦೦ ಗಂಟೆಗಳು. ಇದು ಒಂದು ಘಟಕದ ಒಂದು ವರ್ಷದ ಶ್ರಮದ ಕಾಲುಭಾಗ ಮಾತ್ರ. ಕೊರತೆಯಿರುವುದು ಗಂಟೆಗಳಲ್ಲಿ ಅಲ್ಲ, ಅವುಗಳ ಹಂಚಿಕೆಯಲ್ಲಿ. ಎಲ್ಲವನ್ನೂ ಆಗಸ್ಟಿನ ಒಂದೇ ವಾರದಲ್ಲಿ ಸುರಿದುಬಿಟ್ಟು, ಪರೀಕ್ಷೆಗಳು ಬಂದವೆಂದು ಮರೆತುಬಿಡುವುದೇ ನಮ್ಮಲ್ಲಿ ರೂಢಿಯಾಗಿದೆ.

ಅನ್ಯದೇಶಗಳ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ೧೯೬೬ರ ನವೆಂಬರ್ ೪ರಂದು ಇಟಲಿಯ ಫ್ಲಾರೆನ್ಸ್ ನಗರವನ್ನು ಆರ್ನೋ ನದಿ ಮುಳುಗಿಸಿದಾಗ, ನಾನಾ ದೇಶಗಳ ವಿದ್ಯಾರ್ಥಿಗಳು ಸಾಲಾಗಿ ನಿಂತು ರಾಷ್ಟ್ರೀಯ ಗ್ರಂಥಾಲಯದ ನೆಲಮಾಳಿಗೆಯಿಂದ ಕೆಸರು ತುಂಬಿದ ಗ್ರಂಥಗಳನ್ನು ಕೈಯಿಂದ ಕೈಗೆ ದಾಟಿಸಿದರು. ಜನರು ಅವರನ್ನು ಕೆಸರಿನ ದೇವದೂತರೆಂದು ಕರೆದರು. ಆದರೆ ಆ ಗ್ರಂಥಗಳನ್ನು ತೊಳೆದು, ಒಣಗಿಸಿ, ಕಟ್ಟಿ ಸರಿಪಡಿಸುವ ಕಾರ್ಯವು ದಶಕಗಳ ಕಾಲ ನಡೆಯಿತು. ೧೯೯೫ರ ಜನವರಿ ೧೭ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಸ್ವಯಂಸೇವಕರಾಗಿ ದುಡಿದರು. ಅಷ್ಟಾದರೂ, ಮುಂದೆ ತಾತ್ಕಾಲಿಕ ವಸತಿಗಳಲ್ಲಿ ನೆರೆಹೊರೆ ಕಳೆದುಕೊಂಡ ವೃದ್ಧರು ಒಂಟಿಯಾಗಿ ಸಾಯುವುದು ಕಂಡುಬಂದಾಗ, ಬಹುಕಾಲದವರೆಗೆ ಮನೆಮನೆಗೆ ಹೋಗಿ ವಿಚಾರಿಸುವುದೇ ಸೇವೆಯ ಮುಖ್ಯ ರೂಪಗಳಲ್ಲಿ ಒಂದಾಯಿತು.

ಮಚ್ಛೆಯ ವಿಶ್ವವಿದ್ಯಾಲಯವು ಯಾರ ಹೆಸರನ್ನು ಹೊತ್ತಿದೆಯೋ ಆ ವಿಶ್ವೇಶ್ವರಯ್ಯನವರ ಜೀವನದಲ್ಲಿಯೂ ನೆರೆಯ ಪ್ರಸಂಗವೊಂದಿದೆ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಹೈದರಾಬಾದನ್ನು ಹಾಳುಗೆಡವಿತು. ಮರುವರ್ಷ ಅಲ್ಲಿಗೆ ಹೋದ ಅವರು ನದಿಯ ಮೇಲ್ಭಾಗದ ಮಳೆಯ ಪ್ರಮಾಣವನ್ನೂ ಅಲ್ಲಿ ಒಡೆದ ಕೆರೆಗಳ ಸ್ಥಿತಿಯನ್ನೂ ಪರಿಶೀಲಿಸಿ, ನಗರದ ರಕ್ಷಣೆಗೆ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರವು ೧೯೨೦ರಲ್ಲಿ, ಹಿಮಾಯತ್ ಸಾಗರವು ೧೯೨೭ರಲ್ಲಿ ಪೂರ್ಣಗೊಂಡವು. ಕೆಲವೇ ದಿನಗಳ ನೆರೆಗೆ ಉತ್ತರ ಕೊಡಲು ಹತ್ತೊಂಬತ್ತು ವರ್ಷಗಳು ಹಿಡಿದವು. ಮೊದಲ ಹೆಜ್ಜೆ ಅಳತೆಯದ್ದಾಗಿತ್ತು.

ಒಬ್ಬ ವಿದ್ಯಾರ್ಥಿ ಕಾಲೇಜಿನಲ್ಲಿರುವುದು ಮೂರು ನಾಲ್ಕು ವರ್ಷ. ಹಳ್ಳಿಯೊಂದು ಚೇತರಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು. ಈ ಅಂತರವನ್ನು ತುಂಬಬಲ್ಲವರು ಅಧ್ಯಾಪಕರು. ಪ್ರತಿ ಕಾಲೇಜೂ ನದೀತೀರದ ಒಂದು ಊರನ್ನು ಆರಿಸಿಕೊಂಡು, ಅದರ ಪ್ರತಿ ಮನೆಗೆ ಒಂದು ಪುಟದಂತೆ ದಾಖಲೆಯ ಪುಸ್ತಕವೊಂದನ್ನು ನೆರೆ ಬರುವ ಮೊದಲೇ ಸಿದ್ಧಪಡಿಸಲಿ ಎಂಬುದು ನಮ್ಮ ಸೂಚನೆ. ಗೋಡೆ ಯಾವುದರಿಂದ ಕಟ್ಟಿದುದು, ಉತಾರ ಯಾರ ಹೆಸರಿನಲ್ಲಿದೆ, ನಡೆಯಲಾರದ ಮುದುಕರು ಯಾವ ಮನೆಯಲ್ಲಿದ್ದಾರೆ, ಬಾವಿ ಎಷ್ಟು ಆಳವಿದೆ ಎಂಬಿಷ್ಟು ಅದರಲ್ಲಿರಲಿ. ಆ ಪುಸ್ತಕದ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಇನ್ನೊಂದು ವಿಭಾಗದ ಕಪಾಟಿನಲ್ಲಿಯೂ ಇರಲಿ. ಪ್ರತಿ ವರ್ಷ ಮಳೆಗಾಲದ ಮೊದಲು ಹೋಗುವ ತಂಡದವರು ಬರುವ ತಂಡದವರನ್ನು ಆ ಊರಿಗೆ ಕರೆದೊಯ್ದು, ಪುಸ್ತಕವನ್ನು ಅವರ ಕೈಗೆ ಒಪ್ಪಿಸಲಿ.